ಮಾನಮ್ಮ ತಿಂದ ಮಿಸಳ್

೧೯೭೮ರಲ್ಲಿ ಸುರಪುರದಿಂದ ಪುಣೆಗೆ ಬಂದಿದ್ದ ಮಾನಮ್ಮನನ್ನು ಮಗ ಅಂಬಣ್ಣ ಎಳೆಗೂಸಿನಂತೆ ಕಾಯುತ್ತಿದ್ದ. ರವಿವಾರ ಪರ್ವತಿ ಗುಡ್ಡ ತೋರಿಸಿ, ಅಲ್ಲಿನ ಹೆಸರಾಂತ ಖಾರದ ತಿಂಡಿ ಮಿಸಳ್ ತಿನ್ನಿಸಲು ಹೋಟೆಲಿಗೆ ಕರೆದೊಯ್ದ.

“ಭಾಳ ಖಾರ ಅದ ಅವ್ವಾ, ಮೊಸರು ಹೇಳ್ಲೇನು?”

ಮಾನಮ್ಮ ಮೊಳಕೆಕಾಳಿನ ಮೇಲಿನ ಕೆಂಪು ರಸದಲ್ಲಿ ಪಾವ್ ಬ್ರೆಡ್ಡು ಅದ್ದಿ ತಿಂದು ಬಟ್ಟಲು ಬರಿದು ಮಾಡಿದಳು. ಎದುರಿಗೆ ಅಂಬಣ್ಣನ ಕಣ್ಣು, ಮೂಗು ಎರಡೂ ಸೋರುತ್ತಿದ್ದವು.

ಬೆರಗಾದ ಮಾಲೀಕ ಗಲ್ಲಾ ಬಿಟ್ಟು ಎದ್ದು ಬಂದು ಮರಾಠಿಯಲ್ಲಿ ಏನೋ ಕೇಳಿದ.

“ಖಾರ ಹತ್ತಲಿಲ್ಲೇನು ಅಂತ ಕೇಳಾಕತ್ತಾರ,” ಎಂದ ಅಂಬಣ್ಣ.

“ಸಪ್ಪಗದ. ಎರಡು ಹಸಿಮೆಣಸಿನಕಾಯಿ ಕೊಡ್ರಿ ಅನ್ನು.”

ಮಾಲೀಕ ತಾನೇ ತಂದುಕೊಟ್ಟ. ಮಾನಮ್ಮ ಕರಕರ ಕಡಿದಳು. ಹೋಟೆಲಿಗೆ ಹೋಟೆಲೇ ಚಪ್ಪಾಳೆ ತಟ್ಟಿತು. ಅಂಬಣ್ಣ ಎದ್ದು ನಿಂತು, ಈಕೆ ನನ್ನ ತಾಯಿ ಎಂದು ಎಲ್ಲರಿಗೂ ಮರಾಠಿಯಲ್ಲಿ ಸಾರಿದ.

ಮಾನಮ್ಮ ಸೆರಗು ಸರಿಮಾಡಿಕೊಂಡು, “ನಡಿ, ಇನ್ನೇನೇನದ ನಿಮ್ಮ ಪುಣೇದಾಗ?” ಎಂದಳು.