ಮೊಸರಿಗೆ ಒಡ್ಡಿದ ಕೈ

ಈ ಪರದೇಶದಾಗ ನನ್ನ ಮಗ ಸ್ವರೂಪನ ಹಿಂದ ಕೋರ್ಟಿನ ಕಾಗದಾ ಮುಟ್ಟಸಾಕಂತ ಹಿಡಕೊಂಡು ಒಬ್ಬ ಬಿಳಿ ಮನಶ್ಯಾ ತಿರುಗಿ ತಿರುಗಿ ಸಾಕಾಗಿದ್ದ. ಆಫೀಸಿಗೆ ಹೋದ್ರ ರಜಾ, ಹೆಂಡ್ತಿನ್ನ ಬಿಟ್ಟು ಬ್ಯಾರೆ ಹಿಡದಿದ್ದ ಬಾಡಗಿ ರೂಮಿಗೆ ಹೋದ್ರ ಬೀಗ. ಫೋನ್ ಅಂತೂ ಎತ್ತೂದ ಇಲ್ಲ. ಎರಡು ದಿನ ಆಡಿಸ್ಕೊಂಡು ಬರ್ತೀನಿ ಅಂತ ಮೊಮ್ಮಗಳು ದಿಯಾನ್ನ ಕರಕೊಂಡು ಹೋದಾಂವ ವಾಪಸ್ ತಂದು ಬಿಟ್ಟಿರಲಿಲ್ಲ ನೋಡ್ರಿ. ನನ್ನ ಜೋಡಿ ಮನ್ಯಾಗಿದ್ದ ಸೊಸಿ ಸ್ಮಿತಾ ಅನ್ನ ನೀರು ಬಿಟ್ಟಿದ್ಲು.

ಕಡೀಕ ಸ್ವರೂಪ ತಾನ ನನಗ ಫೋನ್ ಮಾಡಿದಾ.

‘ಅವ್ವಾ, ನಾಳೆ ಸಂಜಿ ವಿಮಾನಕ್ಕ ದಿಯಾನ್ನ ಕರಕೊಂಡು ಊರಿಗೆ ಹೊಂಟೇನಿ. ಅಲ್ಲೇ ಸಾಲಿಗೆ ಹಾಕ್ತೀನಿ. ಸ್ಕೋಕಿ ಊರಾಗ ಕಲ್ಲಿನಾಥನ ಮನ್ಯಾಗ ಅದೀನಿ. ಯಾರರ ಈ ಕಡೆ ಬರಾವ್ರಿದ್ರ ಅವರ ಕಾರಿನ್ಯಾಗ ಬಾ. ಕೈಗೆ ಮೊಸರು ಹಾಕಿ ಕಳಸು. ಸ್ಮಿತಾಗ ಹೇಳಬ್ಯಾಡ.’

ಇದೊಂದು ರೂಢಿ ನಮ್ಮನ್ಯಾಗ. ಸಣ್ಣಾಂವಿದ್ದಾಗಿಂದ ಪರೀಕ್ಷಾ ಇರಲಿ, ಇಂಟರ್‌ವ್ಯೂ ಇರಲಿ, ಬಲಗೈ ಒಡ್ಡಿ ನನ್ನ ಕಡಿಂದ ಒಂದು ಚಮಚಾ ಮೊಸರು ಹಾಕಿಸ್ಕೊಂಡು ನೆಕ್ಕಿದ ಮ್ಯಾಲನ ಅಂವ ಹೊಸ್ತಿಲಾ ದಾಟಾಂವ. ಊರೆಲ್ಲಾ ತಪ್ಪಿಸ್ಕೊಂಡು ತಿರಗಾಂವಗ ಇದೊಂದು ಬಿಡಾಕ ಆಗಲಿಲ್ಲ. ಮೂಳಾ!

ನಾನು ಸೊಸಿಗೆ ಹೇಳಿದ್ನಿ. ಆಕಿ ಆಗಿಂದಾಗ ವಕೀಲಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಲು.

ಸ್ಮಿತಾನ ವಕೀಲಿ ಅನುರಾಧಾ ಮೈಸೂರಿನ ಹುಡಿಗಿ. ಫೋನಿನ್ಯಾಗ ಬಿಡಿಸಿ ಹೇಳಿದ್ಲು: ‘ಅಮ್ಮಾ, ಮಗೂನ ದೇಶ ಬಿಟ್ಟು ಕರ್ಕೊಂಡು ಹೋಗ್ಬಾರ್ದು, ತಾಯಿ ಹತ್ರ ಬಿಡಬೇಕು ಅಂತ ಜಡ್ಜ್ ಆರ್ಡರ್ ಕೊಟ್ಟಿದಾರೆ. ಆದ್ರೆ ಅದು ನಿಮ್ಮ ಮಗನ ಕೈಗೆ ಮುಟ್ಟದಿದ್ರೆ ನಂಗೆ ಗೊತ್ತೇ ಇರ್ಲಿಲ್ಲ ಅಂತಾರೆ. ಕೇಸ್ ಹಾಕಿರೋದು ಸ್ಮಿತಾ, ಅವರು ಕೊಡೋ ಹಾಗಿಲ್ಲ. ನೀವು ಕೊಡಬಹುದು. ಮುಚ್ಚಿಟ್ಟು ಕೊಡಬೇಡಿ, ಏನು ಅಂತ ಬಾಯಿಬಿಟ್ಟು ಹೇಳಿ. ಅವರು ಬಿಸಾಕಿದ್ರೂ ಪರವಾಗಿಲ್ಲ, ಕೊಟ್ಟ ಹಾಗೇ ಲೆಕ್ಕ.’

ರೊಟ್ಟಿ ಗಂಟಿನ್ಯಾಗ ಇಟ್ಟು ಕೊಟ್ರಾತು ಅಂತಿದ್ದೆ ನಾನು. ಅದೂ ಹೋತು.

ಮರುದಿನ ಮುಂಜಾನೆ ನಾವಿರೂ ಸ್ಟರ್ಲಿಂಗ್ ಹೈಟ್ಸ್ ಬಿಟ್ವಿ. ಸ್ಮಿತಾ ಡ್ರೈವ್ ಮಾಡಾಕತ್ತಿದ್ಲು, ಐದು ತಾಸಿನ ದಾರಿ. ನನ್ನ ತೊಡಿ ಮ್ಯಾಲೆ ಮೊಸರಿನ ಡಬ್ಬಿ. ಸ್ಕೋಕ್ಯಾಗ ಕಲ್ಲಿನಾಥನ ಓಣಿ ತಿರುವಿನ್ಯಾಗ ಕಾರು ನಿಲ್ಲಿಸಿ ಆಕಿ ನನ್ನ ಕೈ ಹಿಡಕೊಂಡ್ಲು. ‘ಅತ್ತಿ, ನಿಮಗ ಆಗಲಿಲ್ಲಂದ್ರ ಬ್ಯಾಡ್ರಿ’ ಅಂದ್ಲು. ನನಗ ಸಿಟ್ಟು ಬಂತು. ‘ಇಷ್ಟು ದೂರ ಬಂದು ಇದನ್ನ ಹೇಳ್ತೀ ಏನ?’ ಅಂತ ಬೈದು ಇಳದ್ನಿ. ಅನುರಾಧಾ ಕಳಿಸಿದ ಕಾಗದಾ ಸೀರಿ ಒಳಗ ಸೊಂಟಕ್ಕ ಸಿಗಿಸಿದ್ದೆ, ಹೆಜ್ಜಿಗೊಮ್ಮೆ ಚುಚ್ಚತಿತ್ತು.

ಬಾಗಲಾ ತಗದಾಂವ ಕಲ್ಲಿನಾಥ, ಮಗನ ಜೋಡಿ ಕಲತಾಂವ. ನನ್ನ ಹಿಂದ ಓಣಿ ಉದ್ದಕ್ಕೂ ಕಣ್ಣಾಡಿಸಿದಾ.

‘ಆಂಟಿ, ಯಾರ ಜೋಡಿ ಬಂದ್ರಿ?’

‘ಗುಡ್ಯಾಗಿನ ಮಂದಿ ಜೋಡಿ. ಅವರು ಅಂಗಡಿಗೆ ಹೋದ್ರು.’

‘ತಪ್ಪು ತಿಳ್ಕೋಬ್ಯಾಡ್ರಿ, ಬ್ಯಾಗ್ ಇತ್ತ ಕೊಡ್ರಿ’ ಅಂದಾಂವನ ರೊಟ್ಟಿ ಗಂಟು ಬಿಚ್ಚಿದಾ, ಡಬ್ಬಿ ತಗದು ನೋಡಿದಾ. ನಾ ಸೊಂಟದ ಮ್ಯಾಲೆ ಸೆರಗು ಎಳಕೊಂಡ್ನಿ.

‘ಮೊಸರೂ ಚೆಕ್ ಮಾಡ್ತಿ ಏನಪಾ? ನೆಕ್ಕಿ ನೋಡು’ ಅಂದ್ನಿ. ಅಂವಗ ನಾಚಿಕಿ ಆತು, ದಾರಿ ಬಿಟ್ಟಾ.

ಒಳಗ ಎರಡು ಸೂಟ್‌ಕೇಸ್ ಬಾಗಲಾ ಕಡೆ ಮುಖಾ ಮಾಡಿ ನಿಂತಿದ್ವು. ಮ್ಯಾಲಿನ ರೂಮಿನ್ಯಾಗ ದಿಯಾ ಆಡೂ ಸಪ್ಪಳಾ. ಸ್ವರೂಪ ಬಂದು ಕಾಲಿಗೆ ಬಿದ್ದಾ. ಗಡ್ಡಾ ಬಿಟ್ಟು ಸೊರಗಿದ್ದ ನನ್ನ ಕೂಸು. ಶಿವಶಿವಾ, ಆ ಹೊತ್ತಿಗೆ ನನಗ ಎಲ್ಲಾ ಮರತು ಅಂವನ್ನ ತಬ್ಬಿ ಅಳಬೇಕು ಅನಿಸ್ತು.

‘ಲಗೂ ಅವ್ವಾ, ಕಾರ್ ಬರ್ತದ’ ಅಂದು ಬಲಗೈ ಒಡ್ಡಿ ಕಣ್ಣು ಮುಚ್ಚಿದಾ. ಸಣ್ಣಾಂವಿದ್ದಾಗಿಂದ ಹಂಗ, ಕಣ್ಣು ಮುಚ್ಚೇ ಒಡ್ಡಾಂವ.

ನನ್ನ ಕೈ ಸೊಂಟಕ್ಕ ಹೋತು. ಕಾಗದಾ ತಗದು ಆ ಅಂಗೈ ಮ್ಯಾಲೆ ಇಟ್ನಿ.

‘ಸ್ವರೂಪಾ, ಇದು ಕೋರ್ಟಿನ ಸಮನ್ಸು. ಜಡ್ಜನ ಆರ್ಡರೂ ಐತಿ. ದಿಯಾನ್ನ ಒಯ್ಯೂಹಂಗಿಲ್ಲ. ಆಕಿ ತಾಯಿ ಹತ್ರ ಬಿಟ್ಟು ಸೋಮವಾರ ಕೋರ್ಟಿಗೆ ಬರಬೇಕು. ಈಗ ನಿನಗ ಮುಟ್ಟಿತು.’

ಅಂವ ಕಣ್ಣು ತಗದಾ. ಕಾಗದಾ ನೋಡಿದಾ, ನನ್ನ ನೋಡಿದಾ. ಹಾವು ಕಂಡಾಂವನಂಗ ಕೈ ಝಾಡಿಸಿದಾ, ಕಾಗದಾ ನೆಲಕ್ಕ ಬಿತ್ತು.

‘ನಾ ತಗೊಂಡಿಲ್ಲ! ಕಲ್ಲಿನಾಥ, ನೀನ ಸಾಕ್ಷಿ!’

ಕಲ್ಲಿನಾಥ ಬಗ್ಗಿ ಕಾಗದಾ ಎತ್ತಿ ಓದಿದಾ. ‘ಇಷ್ಟೆಲ್ಲಾ ಆಗೇತಿ ಅಂತ ನೀ ನನಗ ಹೇಳಿದ್ದಿಲ್ಲ. ಇಲ್ಲಿಂದ ಏರ್‌ಪೋರ್ಟಿಗೆ ಹೋದ್ರ ನಾನೂ ಸಿಗಬೀಳ್ತೀನೋ ಮಾರಾಯಾ’ ಅಂದಾ.

ಸ್ವರೂಪ ನನ್ನ ಕಡೆ ತಿರುಗಿದಾ. ‘ಅವ್ವಾ, ನೀನಾ? ನಿನ್ನೊಬ್ಬಾಕಿನ್ನ ನಂಬಿದ್ನಲ್ಲ.’

‘ತಾಯಿ ಕಡಿಂದ ಮಗು ಕಸಗೊಂಡು ಹೊಂಟಿದ್ದೀ. ನಿನ್ನ ನನ್ನ ಕಡಿಂದ ಹಿಂಗ ಕಸಗೊಂಡಿದ್ರ ನಾ ಸತ್ತ ಹೋಗತಿದ್ನಿ’ ಅಂದ್ನಿ, ಅಷ್ಟ.

ದಿಯಾ ಮೆಟ್ಟಲಾ ಇಳದು ಬಂದ್ಲು. ‘ಅಜ್ಜಿ! ಈಸ್ ಮಮ್ಮಾ ಹಿಯರ್?’

ಸ್ವರೂಪ ಸೂಟ್‌ಕೇಸ್ ಮ್ಯಾಲೆ ಕುಂತಾ. ಕೋಟಿನ ಕಿಸೆದಾಗಿಂದ ದಿಯಾನ ಪಾಸ್‌ಪೋರ್ಟ್ ತಗದು ನನ್ನ ಕಡೆ ಚಾಚಿದಾ. ‘ಒಯ್ಯಿ’ ಅಂದಾ.

ನಾನು ಡಬ್ಬಿ ತಗದು ಚಮಚಾ ತುಂಬಿದ್ನಿ. ‘ಸೋಮವಾರ ಕೋರ್ಟಿಗೆ ಹೋಗಬೇಕಲ್ಲಪಾ. ಕೈ ಒಡ್ಡು.’

ಅಂವ ಎರಡೂ ಕೈ ಬಗಲಾಗ ಸಿಗಿಸಿಕೊಂಡು ಆ ಕಡೆ ಮುಖಾ ತಿರುವಿದಾ. ನಾ ಹಿಡಕೊಂಡ ನಿಂತ್ನಿ, ಮೊಸರು ಚಮಚಾದಿಂದ ನೆಲಕ್ಕ ತೊಟ್ಟಿಕ್ಕಿತು. ಕಲ್ಲಿನಾಥನ ಬಂದು ‘ಹೋಗ್ರಿ ಆಂಟಿ’ ಅಂತ ಬಾಗಲಾ ತಗದಾ. ನಾ ದಿಯಾನ ಕೈ ಹಿಡಕೊಂಡು ಹೊರಗ ಬಂದ್ನಿ.

ಓಣಿ ತಿರುವಿನ್ಯಾಗ ಸ್ಮಿತಾ ಕಾರು ಬಿಟ್ಟು ಓಡಿ ಬಂದ್ಲು. ಅವ್ವ ಮಗಳು ರಸ್ತೆದಾಗ ಕುಂತು ಅತ್ರು. ನಾ ಹಿಂದಿನ ಸೀಟಿನ್ಯಾಗ ಕುಂತ್ನಿ, ಸ್ವಲ್ಪ ಹೊತ್ತಿಗೆ ದಿಯಾ ಬಂದು ನನ್ನ ಮಗ್ಗಲಕ್ಕ ಕುಂತ್ಲು.

‘ಅಜ್ಜಿ, ಐ ಆಮ್ ಹಂಗ್ರಿ’ ಅಂದ್ಲು.

ಮಗಗಂತ ಹೆಪ್ಪು ಹಾಕಿದ ಮೊಸರು ತೊಡಿ ಮ್ಯಾಲೆ ಹಂಗ ಇತ್ತು. ಮುಚ್ಚಳಾ ತಗದು ಚಮಚಾ ಚಮಚಾ ಆಕಿಗೆ ತಿನಿಸಿದ್ನಿ.