ಬಟಾಣಿಯ ಬೂಟು

ಬೂಟು ಹೊಲಿಯುವುದರಲ್ಲಿ ತಾತ ಎತ್ತಿದ ಕೈ. ಜಂಬ ಕೊಚ್ಚಿಕೊಳ್ಳುವುದರಲ್ಲಂತೂ ಅವನನ್ನು ಮೀರಿಸುವವರು ಆ ಬೀದಿಯಲ್ಲೇ ಇರಲಿಲ್ಲ. ಹೊಸ ಬೂಟು ತೊಡಿಸಿ, ಕಾಲ್ಬೆರಳಿನ ಮೇಲೆ ತನ್ನ ಹೆಬ್ಬೆರಳಿಂದ ಅದುಮಿ, ಗಿರಾಕಿಯ ಕಾಲು ಬಿಟ್ಟು ಮುಖ ನೋಡುತ್ತಿದ್ದ.

"ಬಾಯಿ ದಾಕ್ಷಿಣ್ಯಕ್ಕೆ ಸುಳ್ಳು ಹೇಳುತ್ತೆ ಕಣ್ರೀ, ಹುಬ್ಬು ಹೇಳಲ್ಲ" ಎನ್ನುವುದು ಅವನ ಸಿದ್ಧಾಂತ. ಹುಬ್ಬು ಗಂಟಿಕ್ಕಿದರೆ ಬೂಟು ಸಡಿಲಾಗಲು ಮತ್ತೆ ಮರದ ಅಚ್ಚಿಗೆ ಏರುತ್ತಿತ್ತು. ಇಲ್ಲದಿದ್ದರೆ, ಮೌನಂ ಸಮ್ಮತಿ ಲಕ್ಷಣಂ.

ಮೊಮ್ಮಗಳಿಗೆ ಬಟಾಣಿ ಎಂದು ಹೆಸರಿಟ್ಟವನೂ ಅವನೇ. ಹುಟ್ಟಿದಾಗ ಕೂಸಿನ ಸೊಂಟದ ಹಿಂದೆ, ಬೆನ್ನುಮೂಳೆ ಮುಚ್ಚಿಕೊಳ್ಳದೆ ಉಳಿದ ಕಡೆ, ತೆಳ್ಳನೆಯ ಚೀಲವೊಂದು ಉಬ್ಬಿಕೊಂಡಿತ್ತು. ಸ್ಪೈನಾ ಬಿಫಿಡಾ ಎಂದರು ಡಾಕ್ಟರು. ಬಸುರಿಯೆಂದು ತಾಯಿಗೇ ಗೊತ್ತಾಗುವ ಮುಂಚೆ ಆಗಿಹೋಗುವಂಥದ್ದು, ಯಾರನ್ನೂ ದೂರಬೇಡಿ ಎಂದರು. ಮಾರನೇ ದಿನವೇ ಆಪರೇಷನ್ ಮಾಡಿ ಬೆನ್ನು ಮುಚ್ಚಿದರು. ಅದರ ಜೊತೆಗೆ ತಾತನ ಕಿವಿಯೂ ಮುಚ್ಚಿತು. ಹೊಲಿಗೆ ಬಿತ್ತಲ್ಲ, ಇನ್ನೇನು ಉಳಿಯಿತು? ಜೀವಮಾನವೆಲ್ಲ ಹೊಲಿದವನಿಗೆ ಹೊಲಿಗೆಯ ಮೇಲೆ ಅಷ್ಟು ನಂಬಿಕೆ. ಆಮೇಲೆ ಡಾಕ್ಟರು ನರಗಳ ಬಗ್ಗೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡವಳು ಕೂಸಿನ ತಾಯಿ, ಅವನ ಮಗಳೊಬ್ಬಳೇ.

ಬಟಾಣಿಗೆ ವರ್ಷ ದಾಟಿತು. ಕಾಲಿಗೆ ಪ್ಲಾಸ್ಟಿಕ್ಕಿನ ಆಧಾರಪಟ್ಟಿ ಕಟ್ಟಿ ನಿಲ್ಲಿಸೋಣ, ಅದರ ಮೇಲೆ ಹಾಕಲು ಬೂಟು ಬೇಕು ಎಂದರು ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಮೇಡಂ. ತಾತ ಉಬ್ಬಿಹೋದ. ಅಂಗಡಿಯ ಬಾಗಿಲು ಅರ್ಧ ಎಳೆದು, ಗಿರಾಕಿಗಳನ್ನೆಲ್ಲ ನಾಳೆ ಬಾ ಎಂದು ಅಟ್ಟಿ, ಕೆಂಪು ಚರ್ಮದಲ್ಲಿ ಅಂಗೈಯಗಲದ ಬೂಟು ಹೊಲಿದ. ಮಗಳು ಕೆಲಸಕ್ಕೆ ಹೋದದ್ದೇ ತಡ, ತೊಡಿಸಿ ಹೆಬ್ಬೆರಳಿಂದ ಅದುಮಿದ. ಬಟಾಣಿ ನಕ್ಕಳು. ಇನ್ನೂ ಅದುಮಿದ. ಇನ್ನೂ ನಕ್ಕಳು.

"ಹುಬ್ಬೇ ಅಲುಗಲಿಲ್ಲ! ಇಂಥ ಗಿರಾಕಿ ನನ್ನ ಸರ್ವೀಸಲ್ಲೇ ಬಂದಿಲ್ಲ!"

ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ಬೀದಿಯುದ್ದಕ್ಕೂ ಮೆರೆಸಿದ. ಕ್ಷೌರದಂಗಡಿಯವನು ನೋಡಿದ, ಔಷಧಿ ಅಂಗಡಿಯವಳು ನೋಡಿದಳು, ನೋಡಲು ಪುರಸೊತ್ತಿಲ್ಲದವರಿಗೂ ತಾತ ನಿಲ್ಲಿಸಿ ತೋರಿಸಿದ.

ಸಂಜೆ ಮಗಳು ಬಂದು ಬೂಟು ಬಿಚ್ಚಿದಳು. ಕಿರುಬೆರಳಿನ ಮೇಲೆ ಹೊಲಿಗೆ ಒತ್ತಿ, ಬೊಬ್ಬೆ ಎದ್ದು ಒಡೆದು, ಕಾಲುಚೀಲಕ್ಕೆ ಅಂಟಿಕೊಂಡಿತ್ತು. ಅದನ್ನು ಬಿಡಿಸುವಾಗಲೂ ಬಟಾಣಿ ತಾತನ ಮೂಗು ಹಿಡಿದು ಆಡುತ್ತಿದ್ದಳು.

"ಅಪ್ಪಾ, ಎಷ್ಟು ಸಲ ಹೇಳಿದ್ದೆ! ಬೆನ್ನು ಮುಚ್ಚಿದ್ದಾರೆ ಅಷ್ಟೇ. ಕಾಲಿಗೆ ಹೋಗೋ ನರ ಮೊದಲೇ ಕೆಟ್ಟಿತ್ತು, ಅದನ್ನ ಹೊಲಿಯೋಕಾಗಲ್ಲ. ಅವಳಿಗೆ ಪಾದದಲ್ಲಿ ನೋವು ಗೊತ್ತಾಗಲ್ಲಪ್ಪ."

"ನಗ್ತಾ ಇದ್ಲಲ್ಲೇ..."

"ಅದೇ ಭಯ ನಂಗೆ. ಸುಟ್ಟರೂ ನಗ್ತಾಳೆ. ಬೂಟು ಆಸ್ಪತ್ರೆಯಲ್ಲೇ ಮಾಡಿಸ್ತೀನಿ. ನೀನು ಇನ್ನು ಅವಳ ಕಾಲು ಮುಟ್ಟಬೇಡ."

ತಾತನ ಎದೆಗೆ ಆ ಮಾತು ನಾಟಿತು. ಮಗಳು ಔಷಧಿ ತರಲು ಒಳಗೆ ಹೋದಾಗ, ಬೇಡವೆಂದರೂ ಕೇಳದೆ, ಒಂದು ಮೆತ್ತನೆಯ ಬ್ರಷ್ಷು ತೆಗೆದುಕೊಂಡ. ಅಂಗಾಲಿಗೆ ಕಚಗುಳಿಯಿಟ್ಟ. ಬಟಾಣಿ ಗೋಡೆಯ ಮೇಲಿನ ನೊಣ ನೋಡುತ್ತಿದ್ದಳು. ಹಿಮ್ಮಡಿ, ಮೀನಖಂಡ... ನೊಣವನ್ನೇ ನೋಡುತ್ತಿದ್ದಳು. ಬ್ರಷ್ಷು ಮೊಣಕಾಲು ದಾಟಿತು. ಬಟಾಣಿ ಕೇಕೆ ಹಾಕಿ, ಹೊಟ್ಟೆ ಕುಣಿಸಿ, ಬಿದ್ದು ಬಿದ್ದು ನಕ್ಕಳು. ತಾತ ಅಳುತ್ತಾ ಕೂತ.

"ಇಲ್ಲಿಂದ ಮೇಲೆ ಇವಳೇ ಹೇಳ್ತಾಳೆ" ಎಂದ, ಮೊಣಕಾಲು ತೋರಿಸಿ, ಬಾಗಿಲಲ್ಲಿ ನಿಂತ ಮಗಳಿಗೆ. "ಕೆಳಗಿಂದು ನಾವು ನೋಡ್ಕೋಬೇಕು, ಅಲ್ವೇನೇ?"

ಮಗಳು ಅವನ ಕೈಯಿಂದ ಕೂಸಿನ ಕಾಲು ಬಿಡಿಸಿಕೊಂಡಳು. ಔಷಧಿ ಹಚ್ಚಿದಳು.

ಗಾಯ ಮಾಯುವಷ್ಟರಲ್ಲಿ ತಾತ ಇನ್ನೊಂದು ಜೊತೆ ಹೊಲಿದ. ಬೆರಳಿನ ಕಡೆ ಅಗಲ, ಒಳಗೆ ಒಂದೂ ಹೊಲಿಗೆ ತಾಗದ ಹಾಗೆ ಎಲ್ಲ ಹೊರಮೈಗೆ. ನೋಡಲು ಒಳಗಿದ್ದದ್ದು ಹೊರಗಾದ ಹಾಗೆ ಕಾಣುತ್ತಿತ್ತು. ಜಂಬ ಕೊಚ್ಚಲಿಲ್ಲ. ಮಗಳ ಕೈಗೂ ಕೊಡದೆ, ಆಸ್ಪತ್ರೆಯ ಮೇಡಂ ಮುಂದಿಟ್ಟ. ಅವರು ಒಳಗೆಲ್ಲ ಬೆರಳಾಡಿಸಿ, "ಹಾಕಿ ನೋಡೋಣ. ಸ್ವಲ್ಪ ಹೊತ್ತಿಗೇ ಬಿಚ್ಚಿ ಚರ್ಮ ನೋಡಬೇಕು" ಎಂದರು.

ಆಧಾರಪಟ್ಟಿ ಕಟ್ಟಿ, ಅದರ ಮೇಲೆ ಬೂಟು ತೊಡಿಸಿ, ಕಂಬಿ ಹಿಡಿಸಿ ನಿಲ್ಲಿಸಿದರು. ಬಟಾಣಿ ತೂಗಾಡಿದಳು, ಕೂಗಾಡಿದಳು, ನಿಂತಳು! ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿ ಕೂಸಿನ ಮುಖವನ್ನೇ ನೋಡುತ್ತಿದ್ದರು. ತಾತನೊಬ್ಬನ ಕಣ್ಣು ಮಾತ್ರ ಪಾದ ಬಿಟ್ಟು ಕದಲಲಿಲ್ಲ.

ಕೂಸನ್ನು ಕೂರಿಸಿದ ಕೂಡಲೇ ಮಗಳು ಒಂದು ಬೂಟು ಬಿಚ್ಚಿ, ಬೆರಳು ಬೆರಳನ್ನೂ ಬಿಡಿಸಿ ನೋಡಿದಳು. ಎಲ್ಲೂ ಕೆಂಪಿಲ್ಲ. ತಾತ ಕೈಕಟ್ಟಿಕೊಂಡು ದೂರವೇ ನಿಂತಿದ್ದ.

ಮಗಳು ಇನ್ನೊಂದು ಕಾಲನ್ನು ಎತ್ತಿ ಅವನ ಕಡೆಗೆ ಚಾಚಿದಳು.

"ಇದನ್ನ ನೀನು ನೋಡಪ್ಪ."