ಅರವತ್ತನಾಲ್ಕು ಲಿಫ್ಟುಗಳ ಸಾಕ್ಷಿ

ಆ ದೇಶದಲ್ಲಿ ಅಚ್ಚಾದ ಕಾಯಂ ವಾಸದ ಕಾರ್ಡುಗಳಲ್ಲೆಲ್ಲ ಅತಿ ಹೆಚ್ಚು ಜನ ನೋಡಿದ ಕಾರ್ಡು ನಮ್ಮ ಲಿಫ್ಟ್ ಮೆಕ್ಯಾನಿಕ್ಕನದು. ಬಸ್ಸಿನ ಡ್ರೈವರು ನೋಡಿದ್ದ. ಹಲ್ಲಿನ ಡಾಕ್ಟರು ಇವನ ಬಾಯಿ ತೆರೆಸುವ ಮೊದಲು ಅದನ್ನು ನೋಡಬೇಕಾಗಿತ್ತು. ತರಕಾರಿಯವಳಂತೂ ಕಾಟ ತಾಳಲಾರದೆ ಒಂದು ದಿನ ತಕ್ಕಡಿಗೆ ಹಾಕಿ, "ಆರು ಗ್ರಾಂ, ಸಾಕಾ?" ಎಂದು ವಾಪಸು ಕೊಟ್ಟಿದ್ದಳು.

ಆರು ಗ್ರಾಮಿಗಾಗಿ ಅವನು ಹನ್ನೊಂದು ವರ್ಷ ಸಾಲಿನಲ್ಲಿ ನಿಂತಿದ್ದ. ಎದುರಿಗೆ ನಿಂತವನ ತಲೆಗೂದಲು ಇವನ ಕಣ್ಣ ಮುಂದೆಯೇ ನರೆತು, ಉದುರಿ, ಕೊನೆಗೆ ಆ ಬೋಳು ತಲೆಯಲ್ಲಿ ಮುಖ ನೋಡಿಕೊಂಡು ಇವನು ಬೈತಲೆ ತೆಗೆದುಕೊಳ್ಳುವಷ್ಟು ಕಾಲ ಸರಿದಿತ್ತು. ಕಾರ್ಡು ಕೈಗೆ ಬಂದ ದಿನ ಕೌಂಟರಿನ ಮುಂದೆಯೇ ಎದೆ ಸೆಟೆಸಿ ಹೇಳಿದ್ದ: "ಇನ್ನು ಯಾವ ಅಪ್ಪನ ಮಗನೂ ನನ್ನನ್ನ ಇಲ್ಲಿಂದ ಏಳು ಅನ್ನೋ ಹಾಗಿಲ್ಲ."

ಒಂಬತ್ತು ವರ್ಷ ಯಾವ ಅಪ್ಪನ ಮಗನೂ ಅನ್ನಲಿಲ್ಲ. ಆಮೇಲೆ ಒಬ್ಬ ಅಪ್ಪನ ಮಗಳು ಅಂದಳು.

ಅವನ ಹೆಂಡತಿ ಗಾಜು ಊದುವವಳು. ಪ್ರಯೋಗಾಲಯಗಳಿಗೆ ಬೇಕಾಗುವ ಸುರುಳಿ ಕೊಳವೆ, ಮೂರು ಕತ್ತಿನ ಬುರುಡೆ, ಇಂಥವನ್ನು ಉರಿಯ ಮೇಲೆ ತಿರುಗಿಸುತ್ತ ಉಸಿರು ಕೊಟ್ಟು ಉಬ್ಬಿಸುವ ಕೆಲಸ. ಗಂಡ ಮಾತಿನಲ್ಲಿ ಊದಿದ್ದರ ಕಾಲು ಭಾಗವನ್ನು ಅವಳು ಗಾಜಿನಲ್ಲಿ ಊದಿದ್ದರೆ ಜಗತ್ತಿನ ಸೀಸೆಗಳ ಕೊರತೆ ಅಂದೇ ತೀರುತ್ತಿತ್ತು. ಪಕ್ಕದ ದೇಶದ ವಿಶ್ವವಿದ್ಯಾಲಯವೊಂದು ಅವಳನ್ನು ಆರು ವರ್ಷದ ಕರಾರಿನ ಮೇಲೆ ಕರೆಯಿತು. ಅವಳು ತನ್ನ ಕಾರ್ಡನ್ನು ಊಟದ ಬಿಡುವಿನಲ್ಲಿ ಕೌಂಟರಿಗೆ ಕೊಟ್ಟು, ರಸೀದಿ ಇಸಿದುಕೊಂಡು, ಮಿಕ್ಕ ಬಿಡುವಿನಲ್ಲಿ ಊಟವನ್ನೂ ಮುಗಿಸಿ ಬಂದಳು.

"ಕೊಟ್ಟೇಬಿಟ್ಟೆಯಾ? ಹಳೇ ಬಸ್ ಟಿಕೆಟ್ಟಿನ ಹಾಗೆ?"

"ಅಲ್ಲಿರೋಳಿಗೆ ಇಲ್ಲಿನ ಕಾರ್ಡು ಯಾಕ್ರೀ? ನೀವೂ ಕೊಟ್ಟು ಬನ್ನಿ. ಹೆಂಡತಿ ಜೊತೆ ಇರೋಕೆ ನಿಮಗೂ ಆರು ವರ್ಷದ ಪರವಾನಗಿ ಕೊಡ್ತಾರೆ."

ಅವನು ಆ ಪರವಾನಗಿಯ ಮಾದರಿಯನ್ನು ತಿರುಗಿಸಿ ನೋಡಿದ. ಹೆಸರು, ಹುಟ್ಟಿದ ದಿನ, ಅದರ ಕೆಳಗೆ 'ವರ್ಗ'. ವರ್ಗದ ಮುಂದೆ ದಪ್ಪ ಅಕ್ಷರದಲ್ಲಿ 'ಅವಲಂಬಿತ' ಎಂದಿತ್ತು. ಮೂವತ್ತು ಮಹಡಿಯ ಹಗ್ಗ ಕಡಿದು ಬಿದ್ದಿದ್ದರೂ ಅವನಿಗೆ ಅಷ್ಟು ಏಟಾಗುತ್ತಿರಲಿಲ್ಲ.

"ನಾನು? ಅವಲಂಬಿತ? ಈ ಊರಿನ ಅರ್ಧ ಜನ ಬೆಳಗಾದ್ರೆ ನನ್ನ ಹಗ್ಗಕ್ಕೆ ಜೋತುಬಿದ್ದು ಮೇಲೆ ಹೋಗ್ತಾರೆ ಕಣೇ!"

"ಸರಿ ಬಿಡಿ. ಅವರ ಜೊತೆಗೇ ಸಂಸಾರ ಮಾಡಿಕೊಂಡಿರಿ" ಎಂದು ಅವಳು ಒಂಬತ್ತು ಗಂಟೆ ದಾರಿಯ ಬಸ್ಸು ಹತ್ತಿ ಗಡಿ ದಾಟಿದಳು.

ಅವನಿಗೆ ಎರಡೂ ಬೇಕಾಗಿತ್ತು. ಕಾಯಿದೆ ಮಾತ್ರ ಒಂದೇ ಗೆರೆಯದು: ಹೊರದೇಶದಲ್ಲಿ ಮನೆ ಮಾಡಿದವರು ಪ್ರತಿ ವರ್ಷ ಅರ್ಧದಷ್ಟು ದಿನವಾದರೂ ಇಲ್ಲಿರಬೇಕು, ಕಾರ್ಡು ಮುಂದುವರಿಸುವಾಗ ಇದ್ದದ್ದಕ್ಕೆ ಪುರಾವೆ ತೋರಿಸಬೇಕು, ಇಲ್ಲವಾದರೆ ಕಾರ್ಡು ರದ್ದು. ಗಡಿಯಲ್ಲಿ ಬಸ್ಸು ನಿಲ್ಲಿಸಿ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಯಾರು ಎಲ್ಲಿದ್ದರು ಎಂಬುದು ದೇವರಿಗೂ ಬಸ್ಸಿನ ಕಂಡಕ್ಟರಿಗೂ ಮಾತ್ರ ಗೊತ್ತು. ನಮ್ಮ ಮೆಕ್ಯಾನಿಕ್ಕನ ಹೊಟ್ಟೆಯೊಳಗಿನ ಚಾಣಾಕ್ಷ ಅಲ್ಲಿಯೇ ಎದ್ದು ಕುಳಿತ. ಎರಡು ವರ್ಷ ಅವನು ತಿಂಗಳಿಗೆ ಇಪ್ಪತ್ತು ದಿನ ಹೆಂಡತಿಯ ಬಳಿ, ಹತ್ತು ದಿನ ಇಲ್ಲಿ ಇದ್ದ.

ಹಾಗಾದರೆ ಅರವತ್ತನಾಲ್ಕು ಲಿಫ್ಟುಗಳನ್ನು ನೋಡಿಕೊಂಡವರು ಯಾರು? ಗ್ರೀಸಣ್ಣ.

ಗ್ರೀಸಣ್ಣ ಕಂಪನಿಯ ಹಳೆಯ ಸಹಾಯಕ. ಅರವತ್ತರ ಹತ್ತಿರದ ವಯಸ್ಸು, ನರೆತ ಪೊದೆ ಮೀಸೆ. ಗೋಡೆಗೆ ಕಿವಿ ಇಟ್ಟರೆ ಏಳನೇ ಮಹಡಿಯ ಬೇರಿಂಗಿಗೆ ನೆಗಡಿಯಾಗಿದೆ ಎಂದು ನೆಲಮಹಡಿಯಲ್ಲೇ ಹೇಳುವವನು. ಆದರೆ ಲೈಸೆನ್ಸಿನ ಲಿಖಿತ ಪರೀಕ್ಷೆಗೆ ಒಂಬತ್ತು ಸಲ ಕೂತು ಒಂಬತ್ತು ಸಲವೂ ಮಕಾಡೆ ಮಲಗಿದ್ದ. ಸ್ಪ್ಯಾನರು ಹಿಡಿದರೆ ಬ್ರಹ್ಮ, ಪೆನ್ನು ಹಿಡಿದರೆ ಬೆವರು. ಲೈಸೆನ್ಸಿಲ್ಲದವನು ಒಬ್ಬನೇ ಲಿಫ್ಟು ಮುಟ್ಟುವುದು ಅಪರಾಧ. ಹೀಗಾಗಿ ಕೆಲಸ ಗ್ರೀಸಣ್ಣನದು, ಸಹಿ ಮೆಕ್ಯಾನಿಕ್ಕನದು.

ಪ್ರತಿ ಲಿಫ್ಟಿನೊಳಗೂ ತಗಡಿನ ಚೌಕಟ್ಟಿನಲ್ಲಿ ಒಂದು ತಪಾಸಣೆ ಕಾರ್ಡು ಇರುತ್ತದೆ. ಹನ್ನೆರಡು ತಿಂಗಳಿಗೆ ಹನ್ನೆರಡು ಮನೆ; ಪ್ರತಿ ತಿಂಗಳು ಬಂದು ನೋಡಿ, ತಾರೀಖು ಹಾಕಿ, 'ಸರಿಯಾಗಿದೆ' ಎಂದು ಬರೆದು ಸಹಿ ಮಾಡಬೇಕು. ನಮ್ಮವನು ಜನವರಿ ಒಂದರಂದು ಅಡುಗೆಮನೆಯ ಮೇಜಿನ ಮೇಲೆ ಅರವತ್ತನಾಲ್ಕೂ ಕಾರ್ಡು ಹರಡಿಕೊಂಡು, ಭಾನುವಾರಗಳನ್ನು ಜಾಣತನದಿಂದ ತಪ್ಪಿಸಿ, ಇಡೀ ವರ್ಷದ ಸಹಿಯನ್ನು ಕೂತ ಕೂತಲ್ಲೇ ಮುಗಿಸುತ್ತಿದ್ದ. ಆ ಊರಿನ ಲಿಫ್ಟಿನವರೆಲ್ಲ ಹಾಗೇ. ತಪ್ಪು ಅಂತ ಹೇಳುವವನೂ ಜನವರಿ ಎರಡರ ಹೊತ್ತಿಗೆ ತನ್ನದನ್ನು ಮುಗಿಸಿರುತ್ತಿದ್ದ.

ಸೆಪ್ಟೆಂಬರಿನಲ್ಲಿ ಕಾರ್ಡು ಮುಂದುವರಿಸಲು ಅರ್ಜಿ ಹಾಕಬೇಕಾಗಿ ಬಂತು. ಪುರಾವೆ ಬೇಕಲ್ಲ? ಬೇರೆಯವರು ಕರೆಂಟ್ ಬಿಲ್ಲು, ಹಾಲಿನ ಚೀಟಿ ಎಂದು ಪರದಾಡುವಾಗ ಇವನು ಮೀಸೆ ತಿರುವಿದ. ಎರಡು ದಿನ ಊರೆಲ್ಲ ಸುತ್ತಿ ಕಾರ್ಡುಗಳನ್ನು ಚೌಕಟ್ಟಿನಿಂದ ಬಿಚ್ಚಿ ಜೆರಾಕ್ಸ್ ಮಾಡಿಸಿದ.

"ಯಾವ ದೊರೆಗೂ ಇಷ್ಟು ಸಾಕ್ಷಿ ಇಲ್ಲ ಗ್ರೀಸಣ್ಣ! ಅರವತ್ತನಾಲ್ಕು ಲಿಫ್ಟು, ಒಂದೊಂದೂ ನಾನಿಲ್ಲೇ ಇದ್ದೆ ಅಂತ ಪ್ರಮಾಣ ಮಾಡತ್ತೆ."

"ಲೋ ತಮ್ಮಾ, ಲಿಫ್ಟಿಗೆ ಬಾಯಿಲ್ಲ, ಅದಕ್ಕೇ ನೀನು ಬಚಾವು" ಎಂದ ಗ್ರೀಸಣ್ಣ. "ನನ್ನ ಹೆಸರು ಎಲ್ಲೂ ಬರಬಾರದು, ನೋಡ್ಕೋ. ಇನ್ನೆರಡು ವರ್ಷ ಕಳೆದ್ರೆ ಪಿಂಚಣಿ."

"ನಿನ್ನ ಹೆಸರು ನನಗೇ ಮರೆತುಹೋಗಿದೆ!"

ಮೂರನೇ ದಿನಕ್ಕೇ ವಿಚಾರಣೆಗೆ ಕರೆ ಬಂತು. ಇಷ್ಟು ಬೇಗ ಕರೆದಿದ್ದು ತನ್ನ ಕಡತದ ತೂಕ ಕಂಡು ಎಂದು ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ವಾಸದ ಕಚೇರಿ ನಾಲ್ಕನೇ ಮಹಡಿ. ಅಲ್ಲಿನ ಲಿಫ್ಟೂ ಅವನದೇ.

ಅಧಿಕಾರಿ ಮೇಡಂ ಒಂದು ಮಂಡಿಗೆ ಪಟ್ಟಿ ಕಟ್ಟಿಕೊಂಡು, ಕಾಲನ್ನು ಸ್ಟೂಲಿನ ಮೇಲೆ ನೀಡಿ ಕೂತಿದ್ದರು. ಮುಂದೆ ಜೆರಾಕ್ಸಿನ ಗುಡ್ಡ.

"ಇಷ್ಟೊಂದು ಹಾಜರಿ ಇರೋ ಮನುಷ್ಯನ್ನ ನನ್ನ ಸರ್ವಿಸಿನಲ್ಲೇ ನೋಡಿಲ್ಲ" ಎಂದರು.

"ಕೆಲಸ ಅಂದ್ರೆ ನನಗೆ ಊಟ ಇದ್ದ ಹಾಗೆ ಮೇಡಂ."

"ಕಾಣತ್ತೆ. ಇವತ್ತು ಎಷ್ಟನೇ ತಾರೀಖು?"

"ಸೆಪ್ಟೆಂಬರ್ ಹನ್ನೊಂದು."

"ಅಕ್ಟೋಬರ್ ಹದಿನಾಲ್ಕಕ್ಕೂ ಬಂದು ನೋಡಿದೀರಿ. ನವೆಂಬರ್ ಆರಕ್ಕೆ ಬಂದಿರಿ. ಡಿಸೆಂಬರ್ ಮೂವತ್ತಕ್ಕೆ ಒಂದೇ ದಿನ ಹನ್ನೊಂದು ಕಟ್ಟಡ! ಹೇಗಿತ್ತು ಡಿಸೆಂಬರು? ಚಳಿ ಜಾಸ್ತಿನಾ?"

ಅವನ ಬೆನ್ನಿನಲ್ಲಿ ಒಂದು ಬೆವರ ಹನಿ ಹೊರಟು, ಪ್ರತಿ ಮೂಳೆಯಲ್ಲೂ ನಿಂತು, ಬಾಗಿಲು ತೆರೆದು ಮುಚ್ಚಿ, ಕೆಳಗಿಳಿಯಿತು. ಜೆರಾಕ್ಸ್ ಮಾಡಿಸುವಾಗ ಬರಲಿರುವ ತಿಂಗಳುಗಳನ್ನು ಮುಚ್ಚಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಅವನ ಕಣ್ಣಿಗೆ ಕಾರ್ಡು ಎಂದರೆ ಯಾವಾಗಲೂ ಹನ್ನೆರಡೂ ಮನೆ ತುಂಬಿದ್ದೇ.

"ಅದು ಬಿಡಿ" ಎಂದು ಮೇಡಂ ಒಂದು ಹಾಳೆ ಎಳೆದರು. "ಇದು ನಮ್ಮ ಲಿಫ್ಟಿಂದು. ಮಾರ್ಚ್ ಹನ್ನೆರಡು, 'ಸರಿಯಾಗಿದೆ', ನಿಮ್ಮ ಸಹಿ. ಆ ದಿನ ನಾನು ಅದರಲ್ಲಿ ನಲವತ್ತು ನಿಮಿಷ ಸಿಕ್ಕಿಹಾಕಿಕೊಂಡಿದ್ದೆ. ಅವತ್ತಿನಿಂದ ಮೆಟ್ಟಿಲೇ ಗತಿ, ಈ ಮಂಡಿ ನೋಡಿ."

"ಯಾವ ಮಹಡಿ ಮಧ್ಯೆ?" ಬಾಯಿ ತಡೆಯಲಿಲ್ಲ.

"ಎರಡು ಮೂರರ ಮಧ್ಯೆ."

"ಝರ್ ಅಂತ ಸದ್ದು ಬಂತಾ, ಟಕ್ ಅಂತ ನಿಂತಿತಾ?"

"ಟಕ್."

"ಬಾಗಿಲಿನ ಕಾಂಟ್ಯಾಕ್ಟು. ಬದಲಾಯಿಸಿದಾನೆ, ಇನ್ನು ನಿಲ್ಲಲ್ಲ..." ಎಂದು ನಾಲಿಗೆ ಕಚ್ಚಿಕೊಂಡ.

ಮೇಡಂ ಕನ್ನಡಕ ತೆಗೆದರು. "ಯಾರು ಬದಲಾಯಿಸಿದ್ದು? ನನ್ನನ್ನ ಹೊರಗೆ ಎಳೆದವರು ನೀವಲ್ಲ. ನರೆತ ಮೀಸೆ, ಕೈಯೆಲ್ಲ ಕರಿ. 'ಅಮ್ಮಾ, ನಿಮ್ಮ ಕಚೇರಿಯಲ್ಲಿ ನಲವತ್ತು ನಿಮಿಷಕ್ಕೆ ಹೊರಗೆ ಬಂದವರು ನೀವೊಬ್ಬರೇ' ಅಂದು ನೀರು ಕೊಟ್ಟರು. ಅವರ ಹೆಸರೇನು? ಲೈಸೆನ್ಸ್ ಇದೆಯಾ?"

ಜನ್ಮದಲ್ಲಿ ಮೊದಲ ಸಲ ಮೆಕ್ಯಾನಿಕ್ಕನ ಬಾಯಿ ಮುಚ್ಚಿತು. ಮದುವೆಯ ದಿನ ಪುರೋಹಿತರು ಕೈಮುಗಿದು ಕೇಳಿಕೊಂಡಾಗಲೂ ಮುಚ್ಚದ ಬಾಯಿ ಅದು.

"ಹೇಳಿದರೆ ನಿಮಗೇ ಒಳ್ಳೇದು" ಎಂದರು ಮೇಡಂ. "ಸಹಾಯಕ ನನಗೆ ಗೊತ್ತಿಲ್ಲದೆ ಕೆಲಸ ಮಾಡಿದ, ನಾನು ಊರಲ್ಲೇ ಇದ್ದೆ ಅಂತ ಬರೆದುಕೊಡಿ. ತಪ್ಪು ಅವರ ಮೇಲೆ ಹೋಗತ್ತೆ. ಕಾರ್ಡು ಉಳಿದರೂ ಉಳಿಯಬಹುದು. ಇಲ್ಲ ಅಂದ್ರೆ ಇದು."

ಅವರು ಡ್ರಾಯರಿನಿಂದ ಹಳದಿ ನಮೂನೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಕಾಯಂ ವಾಸದ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುವ ಪತ್ರ.

"ಇದಕ್ಕೆ ಸಹಿ ಹಾಕಿದ್ರೆ ನಿಮ್ಮ ಅರ್ಜಿಯೇ ಇರಲ್ಲ. ಅರ್ಜಿ ಇಲ್ಲ ಅಂದ್ರೆ ಈ ಜೆರಾಕ್ಸ್ ಗುಡ್ಡ ನಂಗೆ ಬೇಡ, ಹೊತ್ತುಕೊಂಡು ಹೋಗಬಹುದು. ಮೀಸೆಯವರನ್ನ ಯಾರೂ ಕೇಳಲ್ಲ."

"ಆಮೇಲೆ ಕಾರ್ಡು ಮತ್ತೆ ಬೇಕು ಅಂದ್ರೆ?"

"ಸಾಲು ಕೆಳಗಡೆ ಶುರುವಾಗತ್ತೆ."

ಅವನು ಹಳದಿ ಹಾಳೆ ನೋಡಿದ. ಗ್ರೀಸಣ್ಣನ ಹೆಸರು ಅವನಿಗೆ ಮರೆತಿರಲಿಲ್ಲ; ತಂದೆಯ ಹೆಸರು, ಮನೆ ನಂಬರು ಸಮೇತ ಗಂಟಲಿನಲ್ಲೇ ಇತ್ತು. ಒಂದು ಸಾಲು ಬರೆದರೆ ಕಾರ್ಡು ಜೇಬಿನಲ್ಲಿ, ಮೀಸೆ ಬೀದಿಯಲ್ಲಿ. ಬರೆಯದಿದ್ದರೆ ಗಡಿಯಾಚೆ, ಬೆಂಕಿಯ ಮುಂದೆ ಕೆನ್ನೆ ಉಬ್ಬಿಸಿ ಕೂತ ಹೆಂಡತಿಯ ಮನೆಯಲ್ಲಿ, ದಪ್ಪ ಅಕ್ಷರದ ಗಂಡ.

"ಪೆನ್ನು ಕೊಡಿ ಮೇಡಂ" ಎಂದ. ಅವರು ಯಾವ ಹಾಳೆಗೆ ಎಂದು ಕೇಳುವ ಮೊದಲೇ ಹಳದಿಯದನ್ನು ಎಳೆದುಕೊಂಡ.

'ಬಿಟ್ಟುಕೊಡಲು ಕಾರಣ' ಎಂಬ ಮನೆಯಲ್ಲಿ ಮೊದಲು 'ಅಂತರರಾಷ್ಟ್ರೀಯ ಮಟ್ಟದ ಲಿಫ್ಟ್ ಸಲಹೆಗಾರನಾಗಿ' ಎಂದು ಶುರುಮಾಡಿದ. ಮೇಡಂ ಕೆಮ್ಮಿದರು. ಹೊಡೆದುಹಾಕಿ 'ಹೆಂಡತಿ ಅಲ್ಲಿದ್ದಾಳೆ' ಎಂದು ಬರೆದ. ಅಷ್ಟು ಚಿಕ್ಕ ವಾಕ್ಯವನ್ನು ಅವನು ಈ ಮೊದಲು ಆಡಿಯೂ ಇರಲಿಲ್ಲ, ಬರೆದೂ ಇರಲಿಲ್ಲ. ಸಾಲದೇನೋ ಅನಿಸಿ ಮೇಡಂ ಮುಖ ನೋಡಿದ.

"ಸಾಕು" ಎಂದು ಅವರು ಕಾರ್ಡಿಗೆ ಕೈ ಚಾಚಿದರು.

ಕೊಟ್ಟ. ಅಂದರೆ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಲು ಅವರಿಗೆ ನಾಲ್ಕು ನಿಮಿಷ ಹಿಡಿಯಿತು.

ಜೆರಾಕ್ಸ್ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿಯುತ್ತ ಮೊದಲು ಗ್ರೀಸಣ್ಣನಿಗೆ ಫೋನು ಮಾಡಿದ.

"ಕಾರ್ಡು ಬಿಟ್ಟೆ, ಊರೂ ಬಿಡ್ತಾ ಇದೀನಿ. ನಾಳೆಯಿಂದ ಲೈಸೆನ್ಸ್ ಇರೋ ಹೊಸಬನನ್ನ ಕಳಿಸೋಕೆ ಕಂಪನಿಗೆ ಹೇಳ್ತೀನಿ. ಅವನಿಲ್ಲದೆ ಒಬ್ಬನೇ ಲಿಫ್ಟು ಮುಟ್ಟಬೇಡ, ಆಯ್ತಾ?"

"ಅಯ್ಯೋ, ಸಹಿ ಹಾಕೋರಿಗೆ ಬರಗಾಲವೇನೋ?" ಎಂದ ಗ್ರೀಸಣ್ಣ. ಆಮೇಲೆ, "ನನ್ನ ಹೆಸರು ಕೇಳಿದ್ರಾ?"

"ಕೇಳಿದ್ರು. ನೆನಪಾಗಲಿಲ್ಲ."

ಆ ಕಡೆಯಿಂದ ಮೂಗು ಏರಿಸುವ ಸದ್ದು ಬಂತು. ನೆಗಡಿ ಈ ಸಲ ಬೇರಿಂಗಿನದಾಗಿರಲಿಲ್ಲ.

ಆಮೇಲೆ ಹೆಂಡತಿಗೆ ಮಾಡಿದ. ಹಿಂದೆ ಬರ್ನರಿನ ಉರಿ ಹಿಸ್ಸೆನ್ನುತ್ತಿತ್ತು.

"ಬೇಗ ಹೇಳಿ, ಕೈಯಲ್ಲಿ ಬಿಸಿ ಬುರುಡೆ ಇದೆ."

"ಬರ್ತಾ ಇದೀನಿ ಕಣೇ."

"ಎಷ್ಟು ದಿನಕ್ಕೆ?"

ಎರಡು ವರ್ಷದಿಂದ ಅವಳು ಕೇಳುತ್ತಿದ್ದ ಮೊದಲ ಪ್ರಶ್ನೆ ಅದೇ. ಅವನು ಕೊಡುತ್ತಿದ್ದ ಉತ್ತರ ಯಾವಾಗಲೂ ಒಂದು ಸಂಖ್ಯೆ. ಈಗ ಸಂಖ್ಯೆ ಹುಡುಕಿದರೆ ಸಿಗಲಿಲ್ಲ.

"ಕಾರ್ಡು ಕೊಟ್ಟುಬಿಟ್ಟೆ" ಎಂದ.

ಉರಿಯ ಹಿಸ್ಸು ಹಾಗೇ ಇತ್ತು. ಅವಳ ಉಸಿರು ಮಾತ್ರ ನಿಂತಿತು. ನಂತರ ಏನೋ ಪಟ್ಟೆಂದಿತು.

"ಏನಾಯ್ತೇ?"

"ಬುರುಡೆ ಒಡೀತು. ಮೂರು ಗಂಟೆ ಕೆಲಸ, ಮಣ್ಣುಪಾಲು!" ಎಂದಳು. ಧ್ವನಿಯಲ್ಲಿ ಸಿಟ್ಟು ಇತ್ತೆಂದು ಅವನು ಪ್ರಮಾಣ ಮಾಡಿ ಹೇಳಲಾರ. "ಬಂದು ಚೂರು ಗುಡಿಸಿ. ಅಲ್ಲೀವರೆಗೂ ನಾನು ಮುಟ್ಟಲ್ಲ."

"ಒಂಬತ್ತು ಗಂಟೆ ಬಸ್ಸಿನ ಪ್ರಯಾಣ ಕಣೇ!"

"ಹಾಗಾದ್ರೆ ಅಲ್ಲಿ ನಿಂತು ಯಾರ ಹತ್ರ ಮಾತಾಡ್ತಾ ಇದೀರಿ? ಓಡಿ!"

ಅವನು ಓಡಿದ.